ಮೋಟಾರು ತಿರುಗಿದರೆ ರೋಬೋದ ಕಣ್ಣು ಆರುವುದೇಕೆ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಣ್ಣು ಹೊಳೆಯುವ ಪುಟ್ಟ ರೋಬೋ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. ಹಳೇ ಟೂತ್‌ಬ್ರಷ್ಷಿನ ತಲೆ, ಕೆಟ್ಟ ಮೊಬೈಲಿನ ವೈಬ್ರೇಟರ್ ಮೋಟಾರು, ನೀಲಿ ಎಲ್‌ಇಡಿ ಹೊಂದಿಸಿಕೊಂಡೆವು. ಮೊದಲು 9 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಒಂದು ಎಲ್‌ಇಡಿ ಫಳ್ ಅಂತ ಹೊಳೆದು ಸತ್ತೇಹೋಯಿತು. ಆಮೇಲೆ ಗುಂಡಿಯಂಥ 3 ವೋಲ್ಟ್ ಸೆಲ್ ಹಾಕಿದೆವು. ಕಣ್ಣು ಚೆನ್ನಾಗಿ ಉರಿಯುತ್ತದೆ, ಆದರೆ ಮೋಟಾರು ಸೇರಿಸಿದ ತಕ್ಷಣ ಆರಿಹೋಗುತ್ತದೆ. ಎರಡೂ ಒಟ್ಟಿಗೆ ನಡೆಯುವ ಹಾಗೆ ಮಾಡುವುದು ಹೇಗೆ? ನನಗೆ ಸೋಲ್ಡರಿಂಗ್ ಬರುವುದಿಲ್ಲ. ಮನೆಯಲ್ಲಿ ಮೂರು ವರ್ಷದ ಮಗನೂ ಇದ್ದಾನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮೂರು ವರ್ಷದ ಮಗು ಓಡಾಡುವ ಮನೆಯಲ್ಲಿ ಆ ಗುಂಡಿ ಸೆಲ್ ಬೇಡ. ಸಿಆರ್ 2032 ಅಂತ ಬರೆದಿರುತ್ತದಲ್ಲ, 20 ಮಿಲಿಮೀಟರ್ ಅಗಲ, ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆ ಅದು. ಅಲ್ಲಿನ ಒದ್ದೆ ಮಾಂಸಕ್ಕೆ ತಗುಲಿದ ಕೂಡಲೇ ಕರೆಂಟು ಹರಿಯಲು ಶುರುವಾಗಿ, ಎರಡೇ ಗಂಟೆಯಲ್ಲಿ ಅನ್ನನಾಳ ಆಳವಾಗಿ ಸುಡಬಹುದು. ಎಲ್‌ಇಡಿ ಉರಿಸಲಾಗದಷ್ಟು ಖಾಲಿಯಾದ ಸೆಲ್ ಕೂಡ ಈ ಕೆಲಸ ಮಾಡಬಲ್ಲದು. ಈಗ ಕೈಯಲ್ಲಿರುವುದನ್ನು ಟೇಪಿನಲ್ಲಿ ಸುತ್ತಿ ಎತ್ತರದಲ್ಲಿ ಇಡಿ. ಮಗು ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಆ ಸೆಲ್ ಬಿಡಲು ಇನ್ನೊಂದು ಕಾರಣವೂ ಇದೆ. ನಿಮ್ಮ ರೋಬೋದ ಕಣ್ಣು ಆರುತ್ತಿರುವುದು ಅದರಿಂದಲೇ.

ಹಳ್ಳಿಯಲ್ಲಿ ಪಂಪ್‌ಸೆಟ್ ಸ್ಟಾರ್ಟ್ ಮಾಡಿದಾಗ ಮನೆಯ ಬಲ್ಬು ಒಂದು ಕ್ಷಣ ಮಂಕಾಗುವುದನ್ನು ನೋಡಿರುತ್ತೀರಿ. ಬಲ್ಬಿಗೆ ಏನೂ ಆಗಿಲ್ಲ. ಮೋಟಾರು ಏಕಾಏಕಿ ಜಾಸ್ತಿ ಕರೆಂಟು ಎಳೆಯುತ್ತದೆ. ಅಷ್ಟನ್ನು ಹೊತ್ತು ತರುವಾಗ ಉದ್ದದ ಲೈನಿನಲ್ಲೇ ಒಂದಿಷ್ಟು ವೋಲ್ಟ್ ಕಳೆದುಹೋಗುತ್ತದೆ. ಮನೆಗೆ ಬರುವುದು ಉಳಿದದ್ದು. ನಿಮ್ಮ ರೋಬೋದಲ್ಲಿ ಆಗುತ್ತಿರುವುದೂ ಇದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಆ ಉದ್ದದ ಲೈನು ಸೆಲ್ಲಿನ ಹೊಟ್ಟೆಯೊಳಗಿದೆ.

ಪ್ರತಿ ಸೆಲ್ಲಿಗೂ ಒಳಗೇ ಒಂದು ತಡೆ ಇರುತ್ತದೆ. ಗುಂಡಿ ಸೆಲ್ಲಿನಲ್ಲಿ ಅದು ಸುಮಾರು 10ರಿಂದ 20 ಓಮ್. ಒಂದು ಎಲ್‌ಇಡಿ ಕೆಲವೇ ಮಿಲಿಆಂಪ್ ಕೇಳುತ್ತದೆ, ಅದಕ್ಕೆ ಈ ತಡೆ ಲೆಕ್ಕಕ್ಕಿಲ್ಲ. ವೈಬ್ರೇಟರ್ ಮೋಟಾರು ಹಾಗಲ್ಲ. ಅದು 80 ಮಿಲಿಆಂಪ್ ಕೇಳಿತು, ಒಳಗಿನ ತಡೆ 15 ಓಮ್ ಇದೆ ಅಂತಿಟ್ಟುಕೊಳ್ಳಿ. 80 ಮಿಲಿಆಂಪ್ ಅಂದರೆ 0.08 ಆಂಪ್. ಕರೆಂಟನ್ನು ತಡೆಯಿಂದ ಗುಣಿಸಿದರೆ ಕಳೆದ ವೋಲ್ಟ್ ಸಿಗುತ್ತದೆ. 0.08 ಗುಣಿಸು 15 ಅಂದರೆ 1.2. ಅಷ್ಟು ವೋಲ್ಟ್ ಸೆಲ್ಲಿನೊಳಗೇ ಹೋಯಿತು. ಮೂರರಲ್ಲಿ ಹೊರಗೆ ಸಿಗುವುದು 1.8. ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಹಾಗಾಗಿ ಆರಿತು. ನೀವು ಕೆಂಪು ಎಲ್‌ಇಡಿ ಹಾಕಿದ್ದರೆ ಮಂಕಾಗಿಯಾದರೂ ಉರಿಯುತ್ತಿತ್ತೇನೋ. ಅದಕ್ಕೆ 1.8ರಿಂದ 2 ವೋಲ್ಟ್ ಸಾಕು.

ಇದನ್ನು ಮಗಳಿಗೆ ಬಾಯಲ್ಲಿ ಹೇಳಬೇಡಿ. ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಎರವಲು ತನ್ನಿ. ಚಿಕ್ಕ ಮಗ ಹತ್ತಿರ ಇಲ್ಲದಾಗ ಇದೊಂದಕ್ಕೆ ಮಾತ್ರ ಆ ಗುಂಡಿ ಸೆಲ್ ಕೆಳಗಿಳಿಸಿ, ಮುಗಿದ ಕೂಡಲೇ ಮತ್ತೆ ಎತ್ತಿಡಿ. ಸೆಲ್ಲಿನ ಎರಡು ಬದಿಗೆ ಅದರ ಎರಡು ತುದಿ ಒತ್ತಿ ಹಿಡಿದು, ಮೋಟಾರು ಸೇರಿಸಲು ಅವಳಿಗೇ ಹೇಳಿ. ಅಂಕಿ ಅವಳ ಕಣ್ಣೆದುರೇ ಕುಸಿಯುತ್ತದೆ. ಮೋಟಾರು ತೆಗೆದರೆ ಮೆಲ್ಲಗೆ ಮೇಲೆ ಏರುತ್ತದೆ. ನಾನು ಎಷ್ಟೋ ಮಕ್ಕಳಿಗೆ ಇದನ್ನು ತೋರಿಸಿದ್ದೇನೆ. ‘ಸೆಲ್ ಸುಸ್ತಾಯ್ತು’ ಅನ್ನುತ್ತಾರೆ. ಸರಿಯಾದ ಮಾತೇ.

ಇನ್ನು 9 ವೋಲ್ಟಿಗೆ ಸತ್ತ ಎಲ್‌ಇಡಿಯ ವಿಷಯ. ಹಳೇ ಟಾರ್ಚಿನ ಬಲ್ಬಿನಲ್ಲಿ ತಂತಿ ಕಾದಷ್ಟೂ ಅದರ ತಡೆ ಹೆಚ್ಚುತ್ತದೆ. ಅದು ತನ್ನನ್ನು ತಾನೇ ಸ್ವಲ್ಪ ಕಾಪಾಡಿಕೊಳ್ಳುತ್ತದೆ. ಎಲ್‌ಇಡಿಗೆ ಆ ಗುಣ ಇಲ್ಲ. ತನಗೆ ಬೇಕಾದ ವೋಲ್ಟ್ ಸಿಗುವ ತನಕ ಬಾಗಿಲು ಮುಚ್ಚಿಕೊಂಡಿರುತ್ತದೆ. ಸಿಕ್ಕಿತೋ, ಬಾಗಿಲು ಪೂರ್ತಿ ತೆರೆಯುತ್ತದೆ. ಆಮೇಲೆ ಬ್ಯಾಟರಿ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ. ಮಾಮೂಲಿ 5 ಮಿಲಿಮೀಟರ್ ಎಲ್‌ಇಡಿ ತಾಳುವುದು 20 ಮಿಲಿಆಂಪ್. ಅದರ ಎಷ್ಟೋ ಪಟ್ಟು ನುಗ್ಗಿದರೆ ಒಳಗಿನ ಚೂರು ಅಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ಪ್ರತಿ ಎಲ್‌ಇಡಿಗೂ ಅದರದ್ದೇ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ ಬೇಕು. ಗುಂಡಿ ಸೆಲ್ಲಿನಲ್ಲಿ ಅದಿಲ್ಲದೆಯೂ ಉರಿದದ್ದಕ್ಕೆ ಕಾರಣ ಎರಡು. ಅದರ ವೋಲ್ಟೇಜೇ 3, ಜೊತೆಗೆ ಒಳಗಿನ ತಡೆಯೇ ರೆಸಿಸ್ಟರ್ ಆಗಿ ಕೆಲಸ ಮಾಡಿತು.

ಅಂದ ಹಾಗೆ, ನಿಮ್ಮ ಮಗಳಿಗೆ ನೀಲಿಯೇ ಬೇಕು ಅನ್ನಿಸಿದ್ದು ನನಗೆ ಇಷ್ಟವಾಯಿತು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ಎಂಜಿನಿಯರ್ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಚೆನ್ನಾಗಿ ಹೊಳೆಯುವ ನೀಲಿಗೆ ಮತ್ತೆ ಮೂವತ್ತು ವರ್ಷ ಹಿಡಿಯಿತು. ಆ ಕೆಲಸಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಬೆಳಕಿನ ಒಂದೊಂದು ಕಣದಲ್ಲೂ ಕೆಂಪಿಗಿಂತ ಜಾಸ್ತಿ ಶಕ್ತಿ ಇರುತ್ತದೆ. ಹಾಗಾಗಿಯೇ ನೀಲಿ ಎಲ್‌ಇಡಿ ಜಾಸ್ತಿ ವೋಲ್ಟ್ ಕೇಳುತ್ತದೆ. ವಸ್ತುಪ್ರದರ್ಶನದಲ್ಲಿ ಯಾರಾದರೂ ‘ನೀಲಿ ಯಾಕೆ, ಕೆಂಪು ಯಾಕಲ್ಲ’ ಅಂತ ಕೇಳಿದರೆ ಅವಳಿಗೆ ಹೇಳಲು ಇಷ್ಟು ಇದೆ.

ಈಗ ಮಾಡುವ ಕೆಲಸಕ್ಕೆ ಬರೋಣ. ಟೂತ್‌ಬ್ರಷ್ ಬಿಡಿ ಅನ್ನುವುದು ನನ್ನ ಸಲಹೆ. ಬ್ರಷ್ಷಿನ ತಲೆ, ಪುಟ್ಟ ವೈಬ್ರೇಟರ್ ಮೋಟಾರು, ಒಂದು ಗುಂಡಿ ಸೆಲ್, ಇಷ್ಟರಲ್ಲೇ ಮುಗಿಯುವ ಆಟಿಕೆ ಅದು. 2007ರಲ್ಲಿ ಅಮೆರಿಕದ ಇವಿಲ್ ಮ್ಯಾಡ್ ಸೈಂಟಿಸ್ಟ್ ಲ್ಯಾಬೊರೇಟರೀಸ್ ಎಂಬ ತಂಡ ಅದನ್ನು ತೋರಿಸಿದ ಮೇಲೆ ಊರೂರಿಗೆ ಹರಡಿತು. ಮುದ್ದಾಗಿದೆ ನಿಜ. ಆದರೆ ಅದರ ಬೆನ್ನ ಮೇಲೆ ಏನೂ ಹೇರಲು ಆಗುವುದಿಲ್ಲ. ದೊಡ್ಡ ಸೆಲ್ ಇಟ್ಟರೆ ಪಕ್ಕಕ್ಕೆ ಉರುಳುತ್ತದೆ. ಅದರ ಬದಲು ಬಟ್ಟೆ ಉಜ್ಜುವ ಬ್ರಷ್ ತೆಗೆದುಕೊಳ್ಳಿ. ಬೆನ್ನು ಅಗಲವಾಗಿ, ಚಪ್ಪಟೆಯಾಗಿದ್ದರೆ ಒಳ್ಳೆಯದು. ಕೆಟ್ಟ ಆಟಿಕೆ ಕಾರಿನ ಮೋಟಾರು ಒಂದು. ಮೂರು ಪೆನ್ಸಿಲ್ ಸೆಲ್, ಅಂದರೆ ಎಎ ಅಳತೆಯವು. ಅವು ಕೂರುವ, ವೈರು ಇರುವ ಪ್ಲಾಸ್ಟಿಕ್ ಹೋಲ್ಡರ್. ಸ್ವಿಚ್ ಕೂಡ ಇರುವಂಥದ್ದು ಸಿಕ್ಕರೆ ಇನ್ನೂ ಅನುಕೂಲ. ಎರಡು ನೀಲಿ ಎಲ್‌ಇಡಿ, ಎರಡು 150 ಓಮ್ ರೆಸಿಸ್ಟರ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಬೇರೆ ಊರಿನಲ್ಲಿ ಟಿವಿ ರಿಪೇರಿಯವರನ್ನು ಕೇಳಿ. ಅವರ ಡಬ್ಬಿಯಲ್ಲಿ ರೆಸಿಸ್ಟರ್ ಇದ್ದೇ ಇರುತ್ತದೆ.

150 ಓಮ್ ಎಲ್ಲಿಂದ ಬಂತು ಅಂತ ಮಗಳ ಕೈಯಲ್ಲೇ ಲೆಕ್ಕ ಹಾಕಿಸಿ. ಮೂರು ಸೆಲ್ ಸೇರಿ 4.5 ವೋಲ್ಟ್. ಅದರಲ್ಲಿ 3 ವೋಲ್ಟ್ ನೀಲಿ ಎಲ್‌ಇಡಿಗೆ. ಉಳಿದ 1.5 ರೆಸಿಸ್ಟರಿನ ಮೇಲೆ ಬೀಳುತ್ತದೆ. ನಮಗೆ ಬೇಕಾದ ಕರೆಂಟು 10 ಮಿಲಿಆಂಪ್, ಕಣ್ಣಿಗೆ ಅಷ್ಟು ಧಾರಾಳ. 1.5 ಭಾಗಿಸು 0.01 ಅಂದರೆ 150. ರೆಸಿಸ್ಟರಿನ ಮೇಲೆ ಕಂದು, ಹಸಿರು, ಕಂದು ಪಟ್ಟಿ ಇರುತ್ತದೆ. ಕೆಂಪು ಕಣ್ಣು ಬೇಕಾದರೆ ಇದೇ ಲೆಕ್ಕಕ್ಕೆ 250 ಬರುತ್ತದೆ. ಅಂಗಡಿಯಲ್ಲಿ 270 ಕೇಳಿ.

ಎರಡು ಕಣ್ಣಿಗೆ ಸೇರಿ ಒಂದೇ ರೆಸಿಸ್ಟರ್ ಸಾಕಲ್ಲವಾ ಅಂತ ಅನ್ನಿಸಬಹುದು. ಹಾಗೆ ಮಾಡಬೇಡಿ. ಬೇಕಾದರೆ ಒಂದು ಪ್ರಯೋಗ ಮಾಡಿ ನೋಡಿ. ಒಂದು ನೀಲಿ, ಒಂದು ಕೆಂಪು ಎಲ್‌ಇಡಿಯನ್ನು ಅಕ್ಕಪಕ್ಕ ಜೋಡಿಸಿ, ಎರಡಕ್ಕೂ ಸೇರಿ ಒಂದೇ 270 ಓಮ್ ರೆಸಿಸ್ಟರ್ ಕೊಡಿ. ಕೆಂಪು ಮಾತ್ರ ಉರಿಯುತ್ತದೆ. ನೀಲಿ ಕಣ್ಣೇ ಬಿಡುವುದಿಲ್ಲ. ಕೆಂಪು ಎರಡು ವೋಲ್ಟಿಗೇ ಬಾಗಿಲು ತೆರೆದು ಇದ್ದ ಕರೆಂಟನ್ನೆಲ್ಲ ಎಳೆದುಕೊಂಡಿತು, ವೋಲ್ಟೇಜು ಮೂರರವರೆಗೆ ಏರಲೇ ಇಲ್ಲ. ಕೆಂಪನ್ನು ಕಿತ್ತರೆ ನೀಲಿ ತಕ್ಷಣ ಹೊತ್ತಿಕೊಳ್ಳುತ್ತದೆ. ಒಂದೇ ಬಣ್ಣದ ಎರಡರ ನಡುವೆಯೂ ಸಣ್ಣ ಪ್ರಮಾಣದಲ್ಲಿ ಇದೇ ಜಗಳ ಇರುತ್ತದೆ, ಒಂದು ಕಣ್ಣು ಇನ್ನೊಂದಕ್ಕಿಂತ ಮಂಕು ಕಾಣುತ್ತದೆ.

ಮೊದಲು ಕಣ್ಣು ಮಾತ್ರ ಉರಿಸಿ. ಎಲ್‌ಇಡಿಯ ಉದ್ದ ಕಾಲು ರೆಸಿಸ್ಟರ್ ಮೂಲಕ ಪ್ಲಸ್ ಕಡೆಗೆ, ಗಿಡ್ಡ ಕಾಲು ಮೈನಸ್‌ಗೆ. ಕಾಲು ಕತ್ತರಿಸಿ ಗೊತ್ತಾಗದಂತಾಗಿದ್ದರೆ ಬುಡದ ಅಂಚನ್ನು ಉಗುರಿನಿಂದ ಸವರಿ ನೋಡಿ. ಒಂದು ಕಡೆ ಚಪ್ಪಟೆ ಸಿಗುತ್ತದೆ, ಅದು ಮೈನಸ್. ತಿರುಗಾಮುರುಗಾ ಹಾಕಿದರೆ ಈ 4.5 ವೋಲ್ಟಿಗೆ ಏನೂ ಹಾಳಾಗುವುದಿಲ್ಲ, ಸುಮ್ನೆ ಉರಿಯುವುದಿಲ್ಲ ಅಷ್ಟೇ. ಸೋಲ್ಡರಿಂಗ್ ಬರದಿದ್ದರೂ ಪರವಾಗಿಲ್ಲ. ವೈರಿನ ತುದಿಯನ್ನು ಎರಡು ಸೆಂಟಿಮೀಟರ್ ಸುಲಿದು, ರೆಸಿಸ್ಟರಿನ ಕಾಲಿಗೆ ಬಿಗಿಯಾಗಿ ಐದಾರು ಸುತ್ತು ಸುತ್ತಿ, ಇನ್ಸುಲೇಷನ್ ಟೇಪು ಹಾಕಿ. ಅಲುಗಾಡುವ ಆಟಿಕೆ ಇದು. ಹಾಗಾಗಿ ಸುತ್ತಿದ ಜಾಗವನ್ನು ಹಾಗೇ ತೂಗಲು ಬಿಡದೆ ಬ್ರಷ್ಷಿನ ಬೆನ್ನಿಗೆ ಇನ್ನೊಂದು ತುಂಡು ಟೇಪಿನಿಂದ ಅಂಟಿಸಿಬಿಡಿ. ವೈರು ಎಲ್ಲಿ ಕುಣಿಯುತ್ತದೋ ಅಲ್ಲೇ ಮುರಿಯುತ್ತದೆ.

ಕಣ್ಣು ಉರಿದ ಮೇಲೆ ಅದನ್ನು ಪಕ್ಕಕ್ಕಿಡಿ. ಈಗ ಮೋಟಾರು ಒಂದನ್ನೇ ನೋಡಿ. ಆಟಿಕೆ ಮೋಟಾರು ಸುಮ್ನೆ ತಿರುಗಿದರೆ ಬ್ರಷ್ ನಡೆಯುವುದಿಲ್ಲ. ಅದರ ಕಡ್ಡಿಗೆ ಒಂದು ಓರೆ ಭಾರ ಬೇಕು. ಒಂದೇ ಕಡೆ ತೂಕ ಇರುವಾಗ ಪ್ರತಿ ಸುತ್ತಿಗೂ ಬ್ರಷ್ಷನ್ನು ಒಮ್ಮೆ ಎತ್ತಿ ಒಮ್ಮೆ ಒತ್ತುತ್ತದೆ. ನಾನು ಬಳಸುವುದು ಎಲೆಕ್ಟ್ರಿಷಿಯನ್ನರು ವೈರು ಸೇರಿಸುವ ಬಿಳಿ ಪ್ಲಾಸ್ಟಿಕ್ ಕನೆಕ್ಟರ್. ಅದನ್ನು ಬಿಚ್ಚಿದರೆ ಒಳಗೆ ಸಣ್ಣ ಹಿತ್ತಾಳೆ ತುಂಡು ಸಿಗುತ್ತದೆ, ಎರಡು ಸ್ಕ್ರೂ ಸಮೇತ. ಒಂದು ಸ್ಕ್ರೂವಿನಿಂದ ಮೋಟಾರಿನ ಕಡ್ಡಿಗೆ ಬಿಗಿ ಮಾಡಿದರೆ ಇನ್ನೊಂದು ಸ್ಕ್ರೂ ಹೊರಗೆ ಚಾಚಿಕೊಂಡು ತಾನೇ ಓರೆ ಭಾರ ಆಗುತ್ತದೆ. ಅಂಟು ಬೇಡ, ಜಾರುವುದಿಲ್ಲ. ಅದು ಸಿಗದಿದ್ದರೆ ರಬ್ಬರಿನ ಒಂದು ತುಂಡಿನಲ್ಲಿ ನಡುಮಧ್ಯ ಬಿಟ್ಟು ಅಂಚಿಗೆ ತೂತು ಮಾಡಿ ಚುಚ್ಚಿ. ಮೊದಲ ಸಲ ಆನ್ ಮಾಡುವಾಗ ಮುಖ ಹತ್ತಿರ ಇಡಬೇಡಿ. ಸರಿಯಾಗಿ ಕೂರದ ಭಾರ ಹಾರಿ ಬಂದು ಕಣ್ಣಿಗೆ ಬಡಿಯಬಹುದು. ಕನ್ನಡಕ ಇದ್ದರೆ ಹಾಕಿಕೊಳ್ಳಲಿ.

ಬ್ರಷ್ಷಿನ ಎಳೆಗಳು ನೆಟ್ಟಗೆ ನಿಂತಿದ್ದರೆ ರೋಬೋ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಅವು ಒಂದೇ ಕಡೆಗೆ ವಾಲಬೇಕು. ವಾಲಿದ ಎಳೆ ಒತ್ತಿದಾಗ ಸ್ಪ್ರಿಂಗಿನಂತೆ ಬಾಗಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ಎತ್ತಿದಾಗ ಜಾರಿ ಮುಂದಕ್ಕೆ ಬರುತ್ತದೆ. ಎಳೆಯ ತುದಿ ಹಿಂದಕ್ಕೆ ತೋರಿಸುತ್ತಿದ್ದರೆ ರೋಬೋ ಮುಂದಕ್ಕೆ ಹೋಗುತ್ತದೆ. ಎಳೆಗಳನ್ನು ಬಿಸಿ ನೀರಿನಲ್ಲಿ ಅದ್ದಿ ತೆಗೆದು, ಬ್ರಷ್ಷನ್ನು ನೆಲಕ್ಕೆ ಒತ್ತಿ ಒಂದು ಬದಿಗೆ ಜರುಗಿಸಿ, ಮೇಲೆ ಇಟ್ಟಿಗೆ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ವಾಲಿಕೊಂಡಿರುತ್ತವೆ. ಗ್ರಾನೈಟ್ ಅಥವಾ ಟೈಲ್ಸ್ ನೆಲದಲ್ಲಿ ಇದು ಚೆನ್ನಾಗಿ ಓಡುತ್ತದೆ. ಜಮಖಾನದ ಮೇಲೆ ಆಗುವುದಿಲ್ಲ.

ಈಗ ಎರಡನ್ನೂ ಒಂದೇ ಹೋಲ್ಡರಿಗೆ ಸೇರಿಸಿ. ಮೋಟಾರಿನ ಎರಡು ವೈರು ನೇರವಾಗಿ ಪ್ಲಸ್, ಮೈನಸ್‌ಗೆ. ಕಣ್ಣುಗಳು ತಮ್ಮ ತಮ್ಮ ರೆಸಿಸ್ಟರ್ ಮೂಲಕ ಅದೇ ಪ್ಲಸ್, ಮೈನಸ್‌ಗೆ. ಈ ಸಲ ಕಣ್ಣು ಆರುವುದಿಲ್ಲ. ಆಟಿಕೆ ಮೋಟಾರು ವೈಬ್ರೇಟರಿಗಿಂತ ಜಾಸ್ತಿಯೇ ಕೇಳುತ್ತದೆ, 200-300 ಮಿಲಿಆಂಪ್ ಆಗಬಹುದು. ಆದರೆ ಹೊಸ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನ ಒಳಗಿನ ತಡೆ ಒಂದು ಓಮ್‌ನ ಸಣ್ಣ ಭಾಗ ಮಾತ್ರ. ಮೂರೂ ಸೇರಿ ಕಳೆಯುವುದು ಕಾಲು ವೋಲ್ಟಿನ ಆಸುಪಾಸು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡ, ಅದರ ಒಳತಡೆ ಜಾಸ್ತಿ.

ಇಲ್ಲಿಗೇ ನಿಲ್ಲಿಸಬಹುದು. ಆದರೆ ಪ್ರದರ್ಶನಕ್ಕೆ ಬಂದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಇದು ರೋಬೋ ಹೇಗಮ್ಮಾ? ಬರೀ ಅಲ್ಲಾಡ್ತಾ ಇದೆ ಅಲ್ವಾ?’ ನ್ಯಾಯವಾದ ಪ್ರಶ್ನೆ. ಸುತ್ತಲಿನದನ್ನು ಗಮನಿಸಿ, ಅದಕ್ಕೆ ತಕ್ಕಂತೆ ಏನಾದರೂ ಮಾಡಿದರೆ ಮಾತ್ರ ಅದನ್ನು ರೋಬೋ ಅನ್ನಲು ನನಗೆ ಮನಸ್ಸು ಬರುತ್ತದೆ. ಅದಕ್ಕೆ ಇನ್ನು ಮೂರೇ ಬಿಡಿಭಾಗ ಸಾಕು. ಒಂದು ಎಲ್‌ಡಿಆರ್, BC547 ಅಂತ ಬರೆದಿರುವ ಒಂದು ಟ್ರಾನ್ಸಿಸ್ಟರ್, ಒಂದು 47 ಕಿಲೋಓಮ್ ರೆಸಿಸ್ಟರ್. ಎಲ್ಲ ಸೇರಿ ಕೆಲವೇ ರೂಪಾಯಿ. ಕತ್ತಲಾದಾಗ ಕಣ್ಣು ತೆರೆಯುವ ರೋಬೋ ಸಿದ್ಧ.

ಎಲ್‌ಡಿಆರ್ ಅಂದರೆ ಬೆಳಕಿಗೆ ತಡೆ ಬದಲಿಸುವ ಬಿಲ್ಲೆ. ಬೆಳಕಿನಲ್ಲಿ ಕೆಲವು ಕಿಲೋಓಮ್, ಕತ್ತಲಲ್ಲಿ ಲಕ್ಷಗಟ್ಟಲೆ ಓಮ್. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಿಮ್ಮ ಕಡೆ, ಕಾಲುಗಳನ್ನು ಕೆಳಗೆ ಹಿಡಿಯಿರಿ. ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಎಮಿಟರ್ ಮೈನಸ್‌ಗೆ. ಎರಡೂ ಎಲ್‌ಇಡಿಗಳ ಗಿಡ್ಡ ಕಾಲನ್ನು ಮೈನಸ್‌ನಿಂದ ಬಿಡಿಸಿ ಕಲೆಕ್ಟರಿಗೆ ಸೇರಿಸಿ. 47 ಕಿಲೋಓಮ್ ರೆಸಿಸ್ಟರ್ ಪ್ಲಸ್‌ನಿಂದ ಬೇಸಿಗೆ. ಎಲ್‌ಡಿಆರ್ ಬೇಸಿನಿಂದ ಮೈನಸ್‌ಗೆ. ಅದಕ್ಕೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ. ಮೂರು ಕಾಲಿಗೆ ವೈರು ಸುತ್ತುವುದು ಕಷ್ಟ. ಹಾಗಾಗಿ ಈ ಭಾಗಕ್ಕೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಬ್ರೆಡ್‌ಬೋರ್ಡ್, ಅಂದರೆ ಸಾಲು ಸಾಲು ತೂತಿರುವ ಪ್ಲಾಸ್ಟಿಕ್ ಹಲಗೆ ತನ್ನಿ. ಕಾಲುಗಳನ್ನು ತೂತಿಗೆ ಚುಚ್ಚಿದರೆ ಸಾಕು.

ಇದು ಕೆಲಸ ಮಾಡುವ ಬಗೆ ಸರಳ. ಟ್ರಾನ್ಸಿಸ್ಟರ್ ಒಂದು ನಲ್ಲಿ. ಬೇಸಿನಲ್ಲಿ ಸುಮಾರು 0.65 ವೋಲ್ಟ್ ಬಂದರೆ ನಲ್ಲಿ ತೆರೆಯುತ್ತದೆ, ಕಣ್ಣಿಗೆ ಕರೆಂಟು ಹರಿಯುತ್ತದೆ. ಬೆಳಕಿದ್ದಾಗ ಎಲ್‌ಡಿಆರ್ ತಡೆ ಕಡಿಮೆ. 47 ಕಿಲೋಓಮ್ ಮೂಲಕ ಬಂದ ಸ್ವಲ್ಪ ಕರೆಂಟನ್ನು ಅದೇ ಮೈನಸ್‌ಗೆ ಇಳಿಸಿಬಿಡುತ್ತದೆ, ಬೇಸಿಗೆ ವೋಲ್ಟ್ ಏರುವುದಿಲ್ಲ. ಅಂಗೈಯಿಂದ ಮುಚ್ಚಿದರೆ ಆ ದಾರಿ ಕಟ್ಟುತ್ತದೆ. ಕರೆಂಟು ಬೇಸಿನೊಳಗೆ ಹೋಗುತ್ತದೆ, ಕಣ್ಣು ತೆರೆಯುತ್ತದೆ. ಇನ್ನೂ ಗಾಢ ಕತ್ತಲಲ್ಲಿ ಮಾತ್ರ ಉರಿಯಬೇಕು ಅಂದರೆ 47ರ ಬದಲು 100 ಕಿಲೋಓಮ್ ಹಾಕಿ. ಕಣ್ಣು ಸ್ವಲ್ಪ ಮಂಕಾಗಬಹುದು.

ಇಲ್ಲಿ ಒಂದು ಕಡೆ ನೀವು ಎಡವುವ ಸಾಧ್ಯತೆ ಇದೆ, ಅದನ್ನು ಬಿಡಿಸಿ ಹೇಳಬೇಕು. ಒಮ್ಮೆ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಇದೇ ರೋಬೋ ಮಾಡುತ್ತಿದ್ದೆ. ಒಂದು ಹುಡುಗಿಯ ರೋಬೋ ಮಾತ್ರ ಹಟ ಹಿಡಿದಿತ್ತು. ಕೈ ಮುಚ್ಚಿದರೂ ಕಣ್ಣು ಅರೆಬರೆ ಉರಿಯುತ್ತಿತ್ತು. ಸೆಲ್ ಬದಲಿಸಿದೆವು. ಟ್ರಾನ್ಸಿಸ್ಟರ್ ಬದಲಿಸಿದೆವು. ಎಲ್ಲ ಜೋಡಣೆಯನ್ನೂ ಮತ್ತೆ ಮತ್ತೆ ನೋಡಿದೆವು. ಕೊನೆಗೆ ಆ ಹುಡುಗಿಯೇ ಬಗ್ಗಿ ನೋಡಿ ಹೇಳಿದಳು, ‘ಇದರ ಕಣ್ಣು ಇದರ ಬೆಳಕನ್ನೇ ನೋಡ್ಕೊಳ್ತಾ ಇದೆ.’ ಎಲ್‌ಡಿಆರ್ ಎಲ್‌ಇಡಿಯ ಪಕ್ಕದಲ್ಲೇ ಕೂತಿತ್ತು. ಕಣ್ಣು ತೆರೆದ ಕೂಡಲೇ ಅದರ ಬೆಳಕು ಎಲ್‌ಡಿಆರ್ ಮೇಲೆ ಬಿದ್ದು, ‘ಬೆಳಗಾಯಿತು’ ಅಂತ ತಿಳಿದು ಕಣ್ಣು ಮುಚ್ಚಲು ಹೊರಡುತ್ತಿತ್ತು. ನಡುವೆ ಎಲ್ಲೋ ನಿಂತುಬಿಡುತ್ತಿತ್ತು. ಅವಳು ಕಪ್ಪು ಕಾಗದದ ಸಣ್ಣ ಕೊಳವೆ ಸುತ್ತಿ ಎಲ್‌ಡಿಆರ್ ಮೇಲೆ ಇಟ್ಟಳು. ಕಣ್ಣು ಪೂರ್ತಿ ತೆರೆಯಿತು. ಈಗ ನಾನು ಮೊದಲೇ ಎಲ್‌ಡಿಆರ್ ಅನ್ನು ನೆತ್ತಿಯ ಮೇಲೆ, ಆಕಾಶ ನೋಡುವ ಹಾಗೆ ಕೂರಿಸುತ್ತೇನೆ, ಸುತ್ತ ಕಪ್ಪು ಟೇಪಿನ ಗೋಡೆ ಕಟ್ಟುತ್ತೇನೆ. ಕಣ್ಣು ಮುಂದಕ್ಕೆ, ನೆತ್ತಿ ಮೇಲಕ್ಕೆ.

ಕಣ್ಣಿನ ಜೊತೆ ಮೋಟಾರನ್ನೂ ಇದೇ ಟ್ರಾನ್ಸಿಸ್ಟರಿಗೆ ಕೊಡೋಣ ಅಂತ ಮಗಳು ಖಂಡಿತ ಕೇಳುತ್ತಾಳೆ. BC547 ತಾಳುವುದು 100 ಮಿಲಿಆಂಪ್ ಮಾತ್ರ, ಆಟಿಕೆ ಮೋಟಾರಿಗೆ ಅದು ಸಾಲದು. ಸದ್ಯಕ್ಕೆ ಮೋಟಾರು ಸ್ವಿಚ್ಚಿಗೇ ಇರಲಿ.

ಬೆಳಕು ನೋಡಿ ನಡೆಯುವ ಯಂತ್ರದ ಆಸೆ ಹಳೆಯದು. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಗ್ರೇ ವಾಲ್ಟರ್ ಎಂಬ ಮೆದುಳಿನ ಸಂಶೋಧಕರು ಎಲ್ಮರ್, ಎಲ್ಸಿ ಅಂತ ಎರಡು ಯಂತ್ರದ ಆಮೆಗಳನ್ನು ಮಾಡಿದರು. ಬೆಳಕು ಗ್ರಹಿಸುವ ಒಂದು ಕಣ್ಣು, ಮಿದುಳಿನ ಜಾಗದಲ್ಲಿ ಎರಡೇ ರೇಡಿಯೋ ವಾಲ್ವ್. ಅಷ್ಟರಲ್ಲೇ ಅವು ದೀಪ ಹುಡುಕಿಕೊಂಡು ಹೋಗುತ್ತಿದ್ದವು. ನಿಮ್ಮ ಮಗಳ ರೋಬೋದಲ್ಲಿ ಆ ವಾಲ್ವಿನ ಜಾಗದಲ್ಲಿ ಒಂದು ಟ್ರಾನ್ಸಿಸ್ಟರ್ ಇದೆ. ‘ಇದು ರೋಬೋ ಹೇಗಮ್ಮಾ’ ಅಂದವರಿಗೆ ಅವಳು ಏನೂ ಹೇಳದೆ, ‘ನೆತ್ತಿಯ ಮೇಲೆ ಕೈ ಇಡಿ’ ಅಂದರೆ ಸಾಕು.

ಪ್ರದರ್ಶನದ ದಿನ ಸೆಲ್ಲುಗಳನ್ನು ಬಿಚ್ಚಿ ಬೇರೆ ಒಯ್ಯಿರಿ. ಚೀಲದೊಳಗೆ ಸ್ವಿಚ್ ತಗುಲಿ ಆನ್ ಆದರೆ ಅವು ಸುಮ್ನೆ ಖರ್ಚಾಗುತ್ತವೆ. ಮೂರು ಹೊಸ ಸೆಲ್, ಎರಡು ಎಲ್‌ಇಡಿ, ಟೇಪು, ಕತ್ತರಿ ಜೊತೆಗಿರಲಿ.

ಆ 9 ವೋಲ್ಟ್ ಬ್ಯಾಟರಿಯನ್ನು ಎಸೆಯಬೇಡಿ. ಅದರ ಪ್ಲಸ್‌ಗೆ ಒಂದು 1 ಕಿಲೋಓಮ್ ರೆಸಿಸ್ಟರ್ ಕಟ್ಟಿ ಎರಡು ವೈರು ಹೊರಗೆ ಬಿಟ್ಟರೆ ಎಲ್‌ಇಡಿ ಪರೀಕ್ಷಿಸುವ ಸಾಧನ ಆಗುತ್ತದೆ. ಕೆಂಪೋ ನೀಲಿಯೋ, ಯಾವುದನ್ನು ಮುಟ್ಟಿಸಿದರೂ ಆರೇಳು ಮಿಲಿಆಂಪ್ ದಾಟುವುದಿಲ್ಲ. ಹಳೇ ಆಟಿಕೆಗಳಿಂದ ಕಿತ್ತ ಎಲ್‌ಇಡಿಗಳಲ್ಲಿ ಯಾವುದು ಬದುಕಿದೆ, ಯಾವ ಕಾಲು ಪ್ಲಸ್ ಅಂತ ಮಗಳು ತಾನೇ ನೋಡಿಕೊಳ್ಳಬಹುದು. ಮೊದಲ ದಿನ ಸತ್ತಿತು ಅಂದಿರಲ್ಲ, ಆ ಎಲ್‌ಇಡಿಯನ್ನೂ ಒಮ್ಮೆ ಮುಟ್ಟಿಸಿ ನೋಡಲಿ. ಕೆಲವು ಮಿಣುಕಾಗಿ ಉರಿಯುವುದೂ ಉಂಟು.